ಬಾವಿಯನ್ನು ಕೇಳಿ ನೆಟ್ಟ ಗಿಡಗಳು

ನಮ್ಮ ಕಾಯ್ಕಿಣಿಯಲ್ಲಿ ಮಳೆಗೆ ಬಡತನವಿಲ್ಲ. ವರ್ಷಕ್ಕೆ ಸುಮಾರು ೩,೫೦೦ ಮಿಲಿಮೀಟರ್ ಮಳೆ ಸುರಿಯುವ ಭಟ್ಕಳದ ಕರಾವಳಿ ಇದು. ವಿಜಯಪುರದ ಬಯಲು ಐದಾರು ವರ್ಷಗಳಲ್ಲಿ ಕಾಣುವ ಮಳೆಯನ್ನು ನಾವು ಒಂದೇ ವರ್ಷದಲ್ಲಿ ಕಾಣುತ್ತೇವೆ. ಇಂಥ ಊರಿನಲ್ಲಿ ಕುಳಿತು, ಹೆಚ್ಚು ನೀರು ಬೇಡದ ಗಿಡಗಳ ವಿಚಾರ ಬರೆಯುವುದೆಂದರೆ ಓದುಗರಿಗೆ ನಗು ಬಂದೀತು. ಆದರೆ ಆ ಮಳೆಯ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ಮುಂದಿನ ಎಂಟು ತಿಂಗಳು ನೆಲವು ತನ್ನಲ್ಲಿ ಉಳಿದುದನ್ನು ಉಂಡು ಬದುಕಬೇಕು. ಉಳಿಯುವುದಾದರೂ ಎಷ್ಟು? ನಮ್ಮ ಕಾಲಕೆಳಗಿರುವುದು ಚಿರೇಕಲ್ಲು. ೧೮೦೭ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಫ್ರಾನ್ಸಿಸ್ ಬುಕಾನನ್, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಶಬ್ದದಿಂದ ‘ಲ್ಯಾಟರೈಟ್’ ಎಂದು ಹೆಸರಿಟ್ಟದ್ದು ಈ ಜಾತಿಯ ಕಲ್ಲಿಗೇ. ಕಡಿದರೆ ಗೋಡೆಗೆ ಒದಗುತ್ತದೆ, ನಿಜ. ಆದರೆ ಮೈಯೆಲ್ಲ ತೂತು. ಆಷಾಢದಲ್ಲಿ ಕುಡಿದ ನೀರನ್ನು ಮೆಲ್ಲಮೆಲ್ಲನೆ ಹಳ್ಳಕ್ಕೂ ಕಡಲಿಗೂ ಬಿಟ್ಟುಕೊಡುತ್ತದೆ. ವೈಶಾಖದ ಹೊತ್ತಿಗೆ ಬಾವಿಯ ತಳ ಕಾಣುವುದು ಹೀಗೆ.

ಇದೆಲ್ಲ ನನಗೆ ಚಿಕ್ಕಂದಿನಿಂದ ತಿಳಿದುದೇ. ಆದರೂ ಐದು ವರ್ಷಗಳ ಹಿಂದೆ, ವಿಜಯಪುರದ ಅಧ್ಯಾಪನ ಮುಗಿಸಿ ಊರಿನ ಸಮೀಪದ ಕಾಲೇಜಿಗೆ ಬಂದವನು, ಮನೆಯ ಮುಂದೆ ಹುಲ್ಲುಹಾಸು ಬೆಳೆಸಿದೆ. ಸಂಜೆ ಕುರ್ಚಿ ಹಾಕಿಕೊಂಡು ಓದಬೇಕೆಂಬ ಆಸೆ ಬಹಳ ದಿನಗಳದು. ಹುಲ್ಲಿನ ಬೇರು ಕೆಲವೇ ಅಂಗುಲ ಆಳಕ್ಕೆ ಇಳಿಯುವಂಥದು. ಮೇಲುಮಣ್ಣು ಒಣಗಿದರೆ ಅದೂ ಒಣಗಿತು. ಆದುದರಿಂದ ದೀಪಾವಳಿ ಕಳೆದಂದಿನಿಂದ ದಿನಕ್ಕೆರಡು ಬಾರಿ ಪಂಪು ಹಾಕಿ ನೀರುಣಿಸಿದೆ.

ನಮ್ಮ ಬಾವಿ ನಮ್ಮೊಬ್ಬರದಲ್ಲ. ತಂದೆಯ ಕಾಲದಿಂದಲೂ, ಬೇಸಗೆಯ ಕೊನೆಯಲ್ಲಿ ತಮ್ಮ ಬಾವಿ ಬತ್ತಿದಾಗ ನೆರೆಮನೆಯವರು ಇಲ್ಲಿಗೇ ಬರುವ ರೂಢಿ. ಆ ವರ್ಷದ ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಆ ಮನೆಯ ಅಜ್ಜಿ ಕೊಡಪಾನ ಹಿಡಿದು ಬಂದಳು. ಹಗ್ಗ ಪೂರ ಇಳಿಯಿತು. ಮೇಲೆ ಬಂದುದು ಕೆಸರು. ಅಜ್ಜಿ ಸಿಟ್ಟಾಗಲಿಲ್ಲ. “ತಮಾ, ಬಾವಿ ತಳ ಕಂಡದೆ. ನಿನ್ನ ಹುಲ್ಲು ಮಾತ್ರ ಹಸರಾಗೇ ಅದೆ” ಎಂದು, ಬರಿಯ ಕೊಡವನ್ನು ಸೊಂಟಕ್ಕೇರಿಸಿ ಹೊರಟುಹೋದಳು. ಇಪ್ಪತ್ತು ವರ್ಷ ತರಗತಿಯಲ್ಲಿ ಪಾಠ ಹೇಳಿದವನು ನಾನು. ಅಂದು ಅಂಗಳದಲ್ಲಿ ಪಾಠ ಹೇಳಿಸಿಕೊಂಡೆ.

ಹುಲ್ಲನ್ನು ಅಗೆಸಿದೆ. ಆದರೆ ಎರಡನೆಯ ತಪ್ಪನ್ನೂ ಒಡನೆಯೇ ಮಾಡಿದೆ. ಬರವನ್ನು ತಾಳುವ ಗಿಡವೆಂದರೆ ಬಯಲುಸೀಮೆಯ ಗಿಡವೆಂದು ಬಗೆದು, ವಿಜಯಪುರದ ಸ್ನೇಹಿತರಿಂದ ಬಗೆಬಗೆಯ ಕಳ್ಳಿಗಳನ್ನೂ ಲೋಳೆಸರವನ್ನೂ ತರಿಸಿ ನೆಟ್ಟೆ. ಜುಲೈ ಮುಗಿಯುವಷ್ಟರಲ್ಲಿ ಅವುಗಳ ಬುಡವೆಲ್ಲ ಕೊಳೆತು ನೀರಾಯಿತು. ಆಗ ಹೊಳೆಯಿತು: ನಮಗೆ ಬೇಕಾದುದು ಬರಿಯ ಬರಸಹಿಷ್ಣುವಲ್ಲ, ಆಷಾಢದಲ್ಲಿ ನೆನೆದು ನಿಂತು, ಚೈತ್ರದಲ್ಲಿ ಒಣಗಿ ನಿಲ್ಲಬಲ್ಲ ಗಿಡ. ಗಟ್ಟಿತನವೆಂಬುದು ಗಿಡದ ಗುಣವಷ್ಟೇ ಅಲ್ಲ, ಗಿಡಕ್ಕೂ ನೆಲಕ್ಕೂ ಇರುವ ಸಂಬಂಧ.

ಅಂಥ ಗಿಡಗಳನ್ನು ಹುಡುಕಲು ನರ್ಸರಿಗೆ ಹೋಗಬೇಕಿರಲಿಲ್ಲ. ಏಪ್ರಿಲಿನ ಬಿಸಿಲಿನಲ್ಲಿ ಗುಡ್ಡದ ಮೇಲೆ ಒಮ್ಮೆ ನಡೆದರೆ ಸಾಕು. ಯಾರೂ ನೀರೆರೆಯದೆ ಹಸುರಾಗಿರುವುದೇನೋ ಅದೇ ನಮ್ಮ ಪಟ್ಟಿ. ಚಿರೇಕಲ್ಲಿನ ಬಿರುಕಿನಲ್ಲೇ ಬೇರೂರಿ ಕೆಂಪು ಗೊಂಚಲು ಬಿಡುವ ಕೇಪಳ. ದನ ಬಾಯಿ ಹಾಕದ, ಬೇಲಿಗೆ ಒಪ್ಪುವ ಲಕ್ಕಿ. ಕೊಂಬೆ ಊರಿದರೆ ಚಿಗುರುವ ದಾಸವಾಳ. ಮಳೆ ಹಿಂದಾದ ಮೇಲೆ, ಚಳಿಯ ದಿನಗಳಲ್ಲಿ ಹೂವಾಗುವ ಗೋರಂಟೆ. ಮಡಗಾಸ್ಕರಿನಿಂದ ಬಂದು ನಮ್ಮದೇ ಆಗಿಹೋದ ನಿತ್ಯಪುಷ್ಪ. ನೆರಳಿಗೆ ಮರ ಬೇಕೆಂದರೆ ಬಕುಳ, ಸುರಗಿ. ಎರಡರ ಹೂವೂ ಒಣಗಿದ ಮೇಲೆಯೂ ಕಂಪನ್ನು ಬಿಡದು. ಮುರುಡೇಶ್ವರದ ಕಡೆಯಂತೆ ಉಪ್ಪುಗಾಳಿ ನೇರವಾಗಿ ಬಡಿಯುವಲ್ಲಿ ಸುರಹೊನ್ನೆಯ ದಪ್ಪ ಎಲೆ ಅದನ್ನು ತಡೆದುಕೊಳ್ಳುತ್ತದೆ.

ಒಂದು ಎಚ್ಚರಿಕೆ. ಸಾಯದ ಗಿಡವೆಲ್ಲ ಒಳ್ಳೆಯ ಗಿಡವಲ್ಲ. ಹೊರನಾಡಿನಿಂದ ಅಲಂಕಾರಕ್ಕೆಂದು ತಂದ ಲಂಟಾನ ಇಂದು ಕಾಡನ್ನೇ ನುಂಗುತ್ತಿದೆ. ಅದರ ಗಟ್ಟಿತನವೇ ಅದರ ದೋಷ. ಗಾಳಿಮರವನ್ನು ಸೌದೆಗಾಗಿ ೧೮೬೮ರ ಸುಮಾರಿಗೆ ನಮ್ಮ ಜಿಲ್ಲೆಯ ಕಾರವಾರದಲ್ಲಿ ನೆಟ್ಟರು. ಮರಳದಂಡೆಗೆ ಅದು ತಕ್ಕುದೇ. ಆದರೆ ಅದರ ಸೂಜಿಯೆಲೆಯ ಹಾಸಿನಡಿ ಬೇರೆ ಗಿಡ ಏಳುವುದು ಕಷ್ಟ, ಅಂಗಳಕ್ಕೆ ಅದು ಬೇಡ. ಕಣಗಿಲೆ ಚೆಲುವಾದುದು, ಬಿಸಿಲಿಗೆ ಅಂಜದು. ಆದರೆ ಎಲೆ, ಹೂ, ತೊಗಟೆ ಎಲ್ಲವೂ ವಿಷ. ಮಕ್ಕಳೂ ದನಗಳೂ ಇರುವ ಮನೆಯವರು ಅದನ್ನು ದೂರವಿಡುವುದು ಲೇಸು.

ಆರೈಕೆಯೇ ಬೇಡದ ಗಿಡವೆಂಬುದು ಕೂಡ ಇಲ್ಲ. ಮೊದಲ ಮಳೆ ಬಿದ್ದು ನೆಲ ಹದವಾದಾಗ, ಮೃಗಶಿರೆಯಲ್ಲಿ, ನೆಡಬೇಕು. ನಾಲ್ಕು ತಿಂಗಳಲ್ಲಿ ಬೇರು ತನ್ನ ದಾರಿಯನ್ನು ಕಂಡುಕೊಳ್ಳುತ್ತದೆ. ನಮ್ಮ ಸೀಮೆಯಲ್ಲಿ ಗುಂಡಿಗಿಂತ ಸಣ್ಣ ದಿಬ್ಬದ ಮೇಲೆ ನೆಡುವುದು ಲೇಸು. ಬುಡದಲ್ಲಿ ನೀರು ನಿಲ್ಲದು. ಮಳೆ ಹಿಂದಾದೊಡನೆ ಬುಡಕ್ಕೆ ದರಕನ್ನೂ ತೆಂಗಿನಸಿಪ್ಪೆಯನ್ನೂ ಮುಚ್ಚಬೇಕು. ಮೊದಲ ಎರಡು ಬೇಸಗೆಗಳಲ್ಲಿ ವಾರಕ್ಕೊಮ್ಮೆ, ಬೇರಿಗೆ ಇಳಿಯುವಷ್ಟು, ನೀರು ಕೊಡಬೇಕು. ದಿನವೂ ಚಿಮುಕಿಸಿದರೆ ಬೇರು ಮೇಲೆಯೇ ಕಾದು ಕುಳಿತೀತು. ಪಾತ್ರೆ ತೊಳೆದ ನೀರು ಇದಕ್ಕೆ ಸಾಕು.

ಪಂಪ ಬನವಾಸಿಯನ್ನು ನೆನೆದು ಹಂಬಲಿಸುವಾಗ ಮಾಮರವನ್ನೂ ಸಂಪಗೆಯನ್ನೂ ಹೆಸರಿಸುತ್ತಾನೆಂದು ವರ್ಷವರ್ಷವೂ ವಿದ್ಯಾರ್ಥಿಗಳಿಗೆ ಹೇಳುತ್ತ ಬಂದಿದ್ದೇನೆ. ಒಂದು ನಾಡು ನೆನಪಿಗೆ ಬರುವುದು ಅಲ್ಲಿಯದೇ ಗಿಡಮರಗಳ ಮೂಲಕ ಎಂಬುದು ಆ ಪಾಠದ ತಿರುಳು. ಹೇಳಿದ್ದನ್ನು ನಾನೇ ನನ್ನ ಅಂಗಳದಲ್ಲಿ ಮರೆತಿದ್ದೆ.

ಲಕ್ಕಿ, ದಾಸವಾಳಗಳ ಕೊಂಬೆಗಳನ್ನು ಕೇಳಲು ನಾನು ಹೋದದ್ದು ಆ ಅಜ್ಜಿಯ ಮನೆಗೇ. ನಾಚಿಕೆಯಾಗಿತ್ತು, ಏನಾದರೂ ಕೊಡಬೇಕೆಂದು ಜೇಬಿಗೆ ಕೈ ಹಾಕಿದೆ. “ಬೇಲಿ ಗಿಡಕ್ಕೆ ಯಾರಾದ್ರೂ ದುಡ್ಡು ಕೊಡ್ತಾರಾ ತಮಾ?” ಎಂದು ಕತ್ತಿಯನ್ನೇ ಕೈಗಿತ್ತಳು. ಕಳೆದ ಮೇ ತಿಂಗಳಲ್ಲಿ ಅಜ್ಜಿ ಎಂದಿನಂತೆ ಬಂದಳು. ಬಾವಿಯಲ್ಲಿ ನೀರು ಬಹಳವಿರಲಿಲ್ಲ. ನಾನೇ ಹಗ್ಗ ಹಿಡಿದು ಎರಡು ಕೊಡ ಸೇದಿಕೊಟ್ಟೆ. ಹೋಗುವಾಗ ಪೂಜೆಗೆಂದು ನಾಲ್ಕು ದಾಸವಾಳ ಕೊಯ್ದುಕೊಂಡಳು, ನನ್ನನ್ನು ಕೇಳಲಿಲ್ಲ. ಗಿಡ ಅವಳದೇ ಅಲ್ಲವೆ?