ಉಪ್ಪುನೀರಿನ ತೊಟ್ಟಿಯಲ್ಲಿ ಬಿಳಿಚುಕ್ಕೆ

ಮೈಸೂರಿಗೂ ಕಡಲಿಗೂ ನಡುವೆ ರಸ್ತೆಯ ಲೆಕ್ಕದಲ್ಲಿ ಸಾಕಷ್ಟು ದೂರವಿದೆ. ಜೊತೆಗೆ ಪಶ್ಚಿಮ ಘಟ್ಟ ಅಡ್ಡಲಾಗಿದೆ. ಆದರೂ ಈ ಊರಿನ ಕೆಲವು ಮನೆಗಳ ಹಜಾರದಲ್ಲಿ ಇಂದು ಪುಟ್ಟ ಸಮುದ್ರಗಳಿವೆ. ನಲ್ಲಿಯ ನೀರಿನ ಕ್ಲೋರಿನ್ ತೆಗೆದು, ಲೀಟರಿಗೆ ಸುಮಾರು 35 ಗ್ರಾಂನಂತೆ ಕೃತಕ ಸಮುದ್ರದ ಉಪ್ಪನ್ನು ಕರಗಿಸಿದರೆ ಕಡಲ ನೀರು ಸಿದ್ಧ. ಅಡುಗೆಯ ಉಪ್ಪು ಇದಕ್ಕೆ ಸಾಲದು. ಕಡಲಿನಲ್ಲಿ ಸೋಡಿಯಂ ಕ್ಲೋರೈಡಿನ ಜೊತೆಗೆ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟಾಸಿಯಂಗಳೂ ಇರುತ್ತವೆ. ಇಂಥ ತೊಟ್ಟಿಯಲ್ಲಿ ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟೆಯ ಕ್ಲೌನ್ ಮೀನು ಆಡುವುದನ್ನು ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ.

ತೊಂದರೆ ಸಾಮಾನ್ಯವಾಗಿ ಹೊಸ ಮೀನು ತಂದ ಕೆಲವು ದಿನಗಳಲ್ಲಿ ಶುರುವಾಗುತ್ತದೆ. ಮೀನು ಕಲ್ಲಿಗೆ ಮೈ ಉಜ್ಜುತ್ತದೆ. ರೆಕ್ಕೆಗಳ ಮೇಲೆ ಸಣ್ಣ ರವೆ ಉದುರಿಸಿದಂತೆ ಬಿಳಿಚುಕ್ಕೆಗಳು ಕಾಣುತ್ತವೆ. ಮನೆಯವರು ಗಾಬರಿಯಾಗಿ ಯಾರೋ ಹೇಳಿದ ಬೆಳ್ಳುಳ್ಳಿ ರಸವನ್ನೋ, ಅಂಗಡಿಯವರು ಕೊಟ್ಟ ಬಣ್ಣದ ಔಷಧಿಯನ್ನೋ ಹಾಕುತ್ತಾರೆ. ನಾಲ್ಕೈದು ದಿನಗಳಲ್ಲಿ ಚುಕ್ಕೆಗಳು ಮಾಯವಾಗುತ್ತವೆ. ಔಷಧಿ ಫಲಿಸಿತೆಂದು ಎಲ್ಲರಿಗೂ ಸಂತೋಷ. ಒಂದೆರಡು ವಾರ ಕಳೆಯುವುದರೊಳಗೆ ಚುಕ್ಕೆಗಳು ಹತ್ತು ಪಟ್ಟಾಗಿ ಮರಳಿ ಬರುತ್ತವೆ. ಈ ಸಲ ಮೀನು ಉಳಿಯುವುದಿಲ್ಲ.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತಾರಲ್ಲ, ಇದು ಹಾಗೆಯೇ. ಔಷಧಿ ಹಾಕದಿದ್ದರೂ ಆ ಚುಕ್ಕೆಗಳು ಹೋಗುತ್ತಿದ್ದವು. ಹೋಗುವುದು ಅವುಗಳ ಜೀವನಚಕ್ರದ ಒಂದು ಹಂತ.

ಈ ಪರಾವಲಂಬಿಯ ಹೆಸರು ಕ್ರಿಪ್ಟೋಕ್ಯಾರಿಯಾನ್ ಇರಿಟಾನ್ಸ್. 1937ರಲ್ಲಿ ಜಪಾನಿನ ಸಿಕಾಮ ಎಂಬ ವಿಜ್ಞಾನಿ ಇದನ್ನು ಮೊದಲು ವರದಿ ಮಾಡಿದರು. 1951ರಲ್ಲಿ ಬ್ರೌನ್ ಈ ಹೆಸರಿಟ್ಟರು. ನೀವು ಪಾಠದಲ್ಲಿ ಓದಿರುವ ಪ್ಯಾರಮೀಸಿಯಂನಂತೆ ಇದೂ ಒಂದೇ ಜೀವಕೋಶದ, ಮೈತುಂಬ ಲೋಮಾಂಗಗಳಿರುವ ಜೀವಿ. ಪ್ಯಾರಮೀಸಿಯಂ ಸ್ವತಂತ್ರವಾಗಿ ಬದುಕುತ್ತದೆ. ಇದಕ್ಕೆ ಮೀನು ಬೇಕೇ ಬೇಕು. ಮೀನಿನ ಹೊರಚರ್ಮದ ಕೆಳಗೆ ನುಗ್ಗಿ, ಅಲ್ಲಿನ ಅಂಗಾಂಶವನ್ನು ತಿನ್ನುತ್ತ ಮೂರರಿಂದ ಏಳು ದಿನ ಬೆಳೆಯುತ್ತದೆ. ನಮಗೆ ಕಾಣುವ ಚುಕ್ಕೆ ಈ ಹಂತದ್ದು, ಅರ್ಧ ಮಿಲಿಮೀಟರಿನಷ್ಟು. ಹೊಟ್ಟೆ ತುಂಬಿದ ಮೇಲೆ, ಹೆಚ್ಚಾಗಿ ಕತ್ತಲಲ್ಲಿ, ಮೀನನ್ನು ಬಿಟ್ಟು ಕೆಳಗಿಳಿದು ಮರಳಿಗೋ ಕಲ್ಲಿಗೋ ಅಂಟಿಕೊಂಡು ಸುತ್ತಲೂ ಗಟ್ಟಿ ಪೊರೆ ಕಟ್ಟಿಕೊಳ್ಳುತ್ತದೆ. ಪೊರೆಯೊಳಗೆ ಒಂದು ಎರಡಾಗಿ, ಎರಡು ನಾಲ್ಕಾಗಿ, ಸುಮಾರು 200ರವರೆಗೂ ಮರಿಗಳಾಗುತ್ತವೆ. ಪೊರೆ ಒಡೆಯಲು ಕನಿಷ್ಠ ಮೂರು ದಿನ ಬೇಕು. ಕೆಲವು ನಾಲ್ಕು ವಾರ ತೆಗೆದುಕೊಳ್ಳುತ್ತವೆ. ಪ್ರಯೋಗಾಲಯದಲ್ಲಿ 72ನೆಯ ದಿನ ಒಡೆದದ್ದೂ ದಾಖಲಾಗಿದೆ. ಹೊರಬಂದ ಮರಿಗೆ ಒಂದೆರಡು ದಿನಗಳೊಳಗೆ ಮೀನು ಸಿಗದಿದ್ದರೆ ಸಾವು.

ವಿಶಾಲವಾದ ಕಡಲಿನಲ್ಲಿ ಬಹುಪಾಲು ಮರಿಗಳಿಗೆ ಮೀನು ಸಿಗುವುದೇ ಇಲ್ಲ. ಹೀಗಾಗಿ ಅಲ್ಲಿ ಮೀನಿನ ಮೈಮೇಲೆ ನಾಲ್ಕಾರು ಚುಕ್ಕೆಗಳಿದ್ದರೆ ಹೆಚ್ಚು. ಮೂರಡಿ ಗಾಜಿನ ತೊಟ್ಟಿಯಲ್ಲಿ ಅದೇ ಮೀನು ರಾತ್ರಿ ಅದೇ ಕಲ್ಲಿನ ಬಳಿ ಮಲಗುತ್ತದೆ. ಹತ್ತು ಚುಕ್ಕೆಗಳಿಂದ 2000 ಮರಿಗಳಾಗಿ, ಇಪ್ಪತ್ತಕ್ಕೊಂದು ಮರಿ ಗುರಿ ಮುಟ್ಟಿತೆಂದರೂ ಮುಂದಿನ ಸುತ್ತಿಗೆ ನೂರು ಚುಕ್ಕೆಗಳಾದವು. ಇಕ್ಕಟ್ಟಿನಿಂದ ಬರುವ ಈ ಅಪಾಯ ಅಕ್ವೇರಿಯಂಗಷ್ಟೇ ಸೀಮಿತವಲ್ಲ. ಕಾರವಾರದಲ್ಲಿ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಮಾಡಿ ತೋರಿಸಿದಂತೆ ಕಡಲಿನ ಪಂಜರಗಳಲ್ಲಿ ಕೋಬಿಯಾ, ಸೀಬಾಸ್ ಸಾಕುವವರೂ ಇಂಥ ಪರಾವಲಂಬಿಗಳ ಮೇಲೆ ಕಣ್ಣಿಟ್ಟಿರಬೇಕಾಗುತ್ತದೆ.

ಹಾಗಾದರೆ ಔಷಧಿ ಕೊಲ್ಲುವುದು ಯಾವುದನ್ನು? ಚರ್ಮದ ಕೆಳಗಿರುವುದಕ್ಕೆ ಮೀನಿನ ಚರ್ಮವೇ ರಕ್ಷಣೆ. ಮರಳಿನಲ್ಲಿರುವುದಕ್ಕೆ ಅದರ ಪೊರೆಯೇ ಕೋಟೆ. ಈಜುತ್ತಿರುವ ಮರಿ ಮಾತ್ರ ಕೈಗೆ ಸಿಗುತ್ತದೆ. ಆದ್ದರಿಂದ ಔಷಧಿ ಒಂದು ದಿನ ಹಾಕಿ ಬಿಟ್ಟರೆ ಉಪಯೋಗವಿಲ್ಲ. ಕೊನೆಯ ಪೊರೆ ಒಡೆಯುವವರೆಗೂ ಅದು ನೀರಿನಲ್ಲಿರಬೇಕು.

ತಾಮ್ರ ಹಳೆಯ ಔಷಧಿ. ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ತಾಮ್ರ ಕನಿಷ್ಠ ಮೂರು ವಾರ ನಿಲ್ಲಬೇಕು. ತಾಮ್ರವೆಂದೊಡನೆ ನೆನಪಾಗುವುದು ಮಲೆನಾಡಿನಲ್ಲಿ ಅಡಿಕೆಯ ಕೊಳೆರೋಗಕ್ಕೆ ಬಳಸುವ ಮೈಲುತುತ್ತ. ಅದನ್ನೇ ಒಂದು ಚಿಟಿಕೆ ಹಾಕೋಣವೆಂದು ಯಾರಾದರೂ ಹೊರಟರೆ ದಯವಿಟ್ಟು ತಡೆಯಿರಿ. ಲೆಕ್ಕ ನೋಡಿ: ಮೈಲುತುತ್ತದ ತೂಕದಲ್ಲಿ ತಾಮ್ರ ಸುಮಾರು ಕಾಲು ಭಾಗ. ನೂರು ಲೀಟರಿಗೆ ಬೇಕಾದದ್ದು 20 ಮಿಲಿಗ್ರಾಂ ತಾಮ್ರ, ಅಂದರೆ ಸುಮಾರು 80 ಮಿಲಿಗ್ರಾಂ ಮೈಲುತುತ್ತ. ಒಂದು ಗ್ರಾಂ ಹಾಕಿದರೆ ಹನ್ನೆರಡು ಪಟ್ಟಿಗೂ ಹೆಚ್ಚಾಯಿತು. ಇದನ್ನು ಅಡುಗೆಮನೆಯ ತಕ್ಕಡಿ ತೂಗಲಾರದು. ಅಳತೆ ಸರಿಯಾಗಿದ್ದರೂ ಸಿಗಡಿ, ಶಂಖದ ಹುಳು, ಹವಳಗಳಿಗೆ ತಾಮ್ರ ವಿಷ. ಮೇಲಾಗಿ ಹವಳದ ಮರಳು, ಸುಣ್ಣಕಲ್ಲು ಇದನ್ನು ನೀರಿನಿಂದ ಹೀರಿ ಹಿಡಿದುಕೊಳ್ಳುತ್ತವೆ. ಆದ್ದರಿಂದ ತಾಮ್ರ ಹಾಕುವುದಿದ್ದರೆ ಮರಳಿಲ್ಲದ ಬೇರೆ ತೊಟ್ಟಿಯಲ್ಲಿ, ಅಕ್ವೇರಿಯಂಗೆಂದೇ ತಯಾರಾದ ಔಷಧಿಯನ್ನು, ದಿನವೂ ಪರೀಕ್ಷಾ ಕಿಟ್‌ನಿಂದ ಅಳೆಯುತ್ತ ಹಾಕಬೇಕು.

ಎರಡನೆಯ ಉಪಾಯ ಅಭಿಸರಣೆಯದು. ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿಟ್ಟರೆ ನೀರು ಬಿಡುತ್ತದೆಯಲ್ಲವೇ? ಕಡಲ ಮೀನಿನ ದೇಹವೂ ಹಾಗೆ ಸದಾ ನೀರು ಕಳೆದುಕೊಳ್ಳುತ್ತಿರುತ್ತದೆ. ಅದರ ರಕ್ತದ ಲವಣಾಂಶ ಕಡಲ ನೀರಿನ ಮೂರನೆಯ ಒಂದು ಭಾಗದಷ್ಟು ಮಾತ್ರ. ಆದ್ದರಿಂದ ನೀರಿನ ಉಪ್ಪನ್ನು ಎರಡು ಮೂರು ದಿನಗಳಲ್ಲಿ ನಿಧಾನವಾಗಿ 35ರಿಂದ 15 ಗ್ರಾಂಗೆ ಇಳಿಸಿದರೆ ಮೀನು ತಡೆದುಕೊಳ್ಳುತ್ತದೆ. ಕಡಲ ನೀರಿಗೆ ಒಗ್ಗಿದ ಪರಾವಲಂಬಿಯ ಪೊರೆಗಳು ಬೆಳೆಯದೆ ಕೆಡುತ್ತವೆ. ಮೂರು ವಾರಕ್ಕೆ ಕಡಿಮೆಯಿಲ್ಲದಂತೆ ಹೀಗೆ ಇಡಬೇಕು. ಇಲ್ಲಿಯೂ ಸಿಗಡಿ, ಹವಳಗಳನ್ನು ದೂರವಿಡಬೇಕು. ಕಡಿಮೆ ಉಪ್ಪನ್ನು ಸಹಿಸುವ ತಳಿಗಳೂ ಈ ಪರಾವಲಂಬಿಯಲ್ಲಿ ಇರುವುದರಿಂದ ಈ ಉಪಾಯ ಪ್ರತಿ ಸಲವೂ ಗೆಲ್ಲುವುದಿಲ್ಲ.

ನನಗೆ ಅತ್ಯಂತ ಮೆಚ್ಚುಗೆಯಾದದ್ದು ಮೂರನೆಯ ವಿಧಾನ. ಇದಕ್ಕೆ ಔಷಧಿಯೇ ಬೇಡ, ಕ್ಯಾಲೆಂಡರು ಸಾಕು. ಪೊರೆ ಒಡೆಯಲು ಕನಿಷ್ಠ ಮೂರು ದಿನ ಬೇಕೆಂದೆವಲ್ಲವೇ? ಆದ್ದರಿಂದ ಪ್ರತಿ ಮೂರು ದಿನಕ್ಕೊಮ್ಮೆ, ನಾಲ್ಕು ಬಾರಿ, ಮೀನನ್ನು ಹೊಸ ಉಪ್ಪುನೀರಿರುವ ಇನ್ನೊಂದು ಬರಿದಾದ ತೊಟ್ಟಿಗೆ ದಾಟಿಸುವುದು. ಉದುರಿದ ಪೊರೆಗಳೆಲ್ಲ ಹಿಂದಿನ ತೊಟ್ಟಿಯಲ್ಲೇ ಉಳಿಯುತ್ತವೆ. ಮರಿಗಳು ಹೊರಬರುವ ಹೊತ್ತಿಗೆ ಮೀನು ಅಲ್ಲಿರುವುದಿಲ್ಲ. ಹನ್ನೆರಡು ದಿನಗಳಲ್ಲಿ ಮೀನಿನ ಮೈಮೇಲಿದ್ದದ್ದೆಲ್ಲ ಇಳಿದಿರುತ್ತದೆ. ಹಳೆಯ ತೊಟ್ಟಿ, ಬಲೆ, ಗಾಳಿಯ ಕೊಳವೆಗಳನ್ನು ತೊಳೆದು ಬಿಸಿಲಿನಲ್ಲಿ ಪೂರ್ತಿ ಒಣಗಿಸಬೇಕು. ಎರಡೂ ತೊಟ್ಟಿಗಳ ಉಪ್ಪು, ಉಷ್ಣತೆ ಒಂದೇ ಇರಬೇಕು. ಎರಡು ಪ್ಲಾಸ್ಟಿಕ್ ಡಬ್ಬಗಳಿದ್ದರೂ ನಡೆಯುತ್ತದೆ. ಆದರೆ ಇದು ಈ ಒಂದು ಪರಾವಲಂಬಿಗೆ ಮಾತ್ರ ಹೊಂದಿದ ಲೆಕ್ಕ.

ಅದಕ್ಕಾಗಿ ರೋಗ ಯಾವುದೆಂದು ಮೊದಲು ತಿಳಿಯಬೇಕು. ಚುಕ್ಕೆಗಳು ಎಣಿಸಲಾಗದಷ್ಟು ಸಣ್ಣದಾಗಿ, ಮೈಗೆ ಹೊಂಬಣ್ಣದ ಧೂಳು ಬಳಿದಂತಿದ್ದರೆ ಅದು ಅಮೈಲೋಡಿನಿಯಂ. ಒಂದೆರಡು ದಿನಗಳಲ್ಲೇ ಕೊಲ್ಲಬಲ್ಲದು. ಅದಕ್ಕೆ ತಾಮ್ರವೇ ಬೇಕು. ಕಣ್ಣು ಮಂಜಾಗಿದ್ದರೆ ಚಪ್ಪಟೆ ಹುಳುಗಳಿರಬಹುದು. ಅದೇ ಉಷ್ಣತೆಯ ಸಿಹಿನೀರಿನಲ್ಲಿ ಐದು ನಿಮಿಷ ಬಿಟ್ಟರೆ ಆ ಹುಳುಗಳು ಬೆಳ್ಳಗಾಗಿ ಉದುರುತ್ತವೆ. ಚರ್ಮದೊಳಗೆ ಕುಳಿತ ಕ್ರಿಪ್ಟೋಕ್ಯಾರಿಯಾನ್ ಇದಕ್ಕೆ ಜಗ್ಗುವುದಿಲ್ಲ. ಚುಕ್ಕೆಯೇ ಇಲ್ಲದೆ ಮೀನು ಏದುಸಿರು ಬಿಡುತ್ತಿದ್ದರೆ ಪರಾವಲಂಬಿ ಕಿವಿರಿನಲ್ಲಿರಬಹುದು. ಆಗ ಕರೆಂಟು ಹೋಗಿ ಗಾಳಿಯ ಪಂಪು ನಿಂತರೆ ಅರ್ಧ ಗಂಟೆಯೂ ಅಪಾಯವೇ. ಬ್ಯಾಟರಿಯಿಂದ ನಡೆಯುವ ಪಂಪೊಂದನ್ನು ಇಟ್ಟುಕೊಂಡಿರಬೇಕು. ಕಾಲೇಜಿನ ಪ್ರಾಣಿಶಾಸ್ತ್ರ ಪ್ರಯೋಗಾಲಯದ ಸಾಧಾರಣ ಸೂಕ್ಷ್ಮದರ್ಶಕದಲ್ಲೇ, ಮೀನಿನ ಮೈಯ ಲೋಳೆಯನ್ನು ಗಾಜಿನ ಪಟ್ಟಿಯ ಮೇಲಿಟ್ಟು ನೋಡಿದರೆ, ನಿಧಾನವಾಗಿ ಹೊರಳುವ ಈ ಜೀವಿಯನ್ನು ಕಾಣಬಹುದು. ಟೆಲಿವಿಷನ್ನಿನವರಾದ ನಮಗೆ ಮೀನಿನ ಬಣ್ಣ ತೋರಿಸುವುದು ಸುಲಭ; ಇಂಥ ದೃಶ್ಯವನ್ನು ನೀವು ಕಣ್ಣಾರೆ ನೋಡಿದರೇ ಚೆನ್ನ.

ಮೀನು ಗುಣವಾದರೂ ಹಜಾರದ ತೊಟ್ಟಿಯ ಮರಳಿನಲ್ಲಿ ಪೊರೆಗಳು ಇನ್ನೂ ಕಾದಿರುತ್ತವೆ. ಅಲ್ಲಿ 76 ದಿನ ಒಂದೂ ಮೀನಿರಬಾರದು. ಸಿಗಡಿ, ಹವಳಗಳು ಇರಬಹುದು. ಅವುಗಳ ಮೈಯಲ್ಲಿ ಈ ಪರಾವಲಂಬಿ ಬೆಳೆಯದು. ಅಷ್ಟು ದಿನ ಕಾಯುವುದು ಬೇಸರದ ಕೆಲಸವೇ. ಆದ್ದರಿಂದ ಹೊಸ ಮೀನನ್ನು ಮೊದಲ ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಟ್ಟು ಗಮನಿಸುವುದು ಎಷ್ಟೋ ವಾಸಿ. ಅಂಗಡಿಯ ಪ್ಲಾಸ್ಟಿಕ್ ಚೀಲದ ನೀರನ್ನು ಮನೆಯ ತೊಟ್ಟಿಗೆ ಸುರಿಯದೆ ಬಚ್ಚಲಿಗೆ ಚೆಲ್ಲಿ, ಮೀನನ್ನು ಮಾತ್ರ ಬಿಡಿ.