ತಲೆಕಟ್ಟಿನ ಬೆಡಗು

ರೋಮನ್ ಅಕ್ಷರಗಳ ತುದಿಯಲ್ಲಿ ಕಾಣುವ ಪುಟ್ಟ ಚಾಚುಗಳೇ ಸೆರಿಫ್. ಕನ್ನಡದಲ್ಲಿ ಅಲಂಕಾರದ ಭಾರವನ್ನು ಹೆಚ್ಚಾಗಿ ಹೊರುವುದು ತಲೆಕಟ್ಟು. ಅದರ ಬಾಗು, ಗೆರೆಯ ದಪ್ಪ-ತೆಳುವಿನ ಏರಿಳಿತಗಳಿಂದಲೇ ಒಂದು ಫಾಂಟ್ ಹಳೆಯ ಕಾಲದ ಕೈಬರಹದಂತೆ ತೋರುತ್ತದೆ.

ಬಾಗಲಕೋಟೆ ಜಿಲ್ಲೆಯಲ್ಲೇ ಕನ್ನಡ ಬರಹದ ಹಳೆಯ ಮಾದರಿಗಳಿವೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ, ಸುಮಾರು ಕ್ರಿ.ಶ. 700ರದು, ಬಂಡೆಯ ಮೇಲಿನ ಉಳಿಯ ಕೆಲಸ. ಮುಧೋಳದ ರನ್ನನ ಕಾವ್ಯ ಉಳಿದು ಬಂದದ್ದು ತಾಳೆಗರಿಯಲ್ಲಿ. ಬರೆಯುವ ಕಡ್ಡಿಯಾದ ಕಂಟದ ಮೊನೆ ಗರಿಯ ಮೇಲೆ ಕೊರೆದ ಗೆರೆ ಹೆಚ್ಚುಕಡಿಮೆ ಒಂದೇ ದಪ್ಪ. ದಪ್ಪ-ತೆಳುವಿನ ಸೊಗಸು ಬೆಳೆದದ್ದು ಕಾಗದದ ಲೇಖನಿಯಲ್ಲಿ, ಆಮೇಲೆ ಅಚ್ಚಿನ ಮೊಳೆಗಳಲ್ಲಿ.

ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ಅಚ್ಚಾಯಿತು. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ 1841ರಲ್ಲಿ ಕಲ್ಲಚ್ಚಿನಿಂದ ಶುರುವಾಗಿ, ಮುಂದೆ ಮೊಳೆಗಳಿಗೆ ಹೊರಳಿತು. ಅಲ್ಲಿಂದಲೇ ಕಿಟೆಲ್ ನಿಘಂಟು ಹೊರಬಂದದ್ದು 1894ರಲ್ಲಿ. ಕಲ್ಲಚ್ಚಿನಲ್ಲಿ ಬರೆದವನ ಕೈಯೇ ಪುಟಕ್ಕಿಳಿಯುತ್ತಿತ್ತು. ಮೊಳೆಯಚ್ಚಿಗಾದರೋ ಒಬ್ಬ ಕುಶಲಕರ್ಮಿ ಪ್ರತಿ ಅಕ್ಷರವನ್ನೂ ಉಕ್ಕಿನ ತುದಿಯಲ್ಲಿ ತಿರುವುಮುರುವಾಗಿ ಕೆತ್ತಬೇಕಿತ್ತು, ಅದರಿಂದ ತಾಮ್ರದ ಅಚ್ಚು ಒತ್ತಬೇಕಿತ್ತು, ಬಳಿಕ ಸೀಸದ ಎರಕ. ಒತ್ತಕ್ಷರಗಳಿಗೆ ಬೇರೆ ಮೊಳೆಗಳೇ ಬೇಕಿದ್ದವು. ಕಂಪೋಸಿಂಗ್ ಮಾಡುತ್ತಿದ್ದವರ ತಾಳ್ಮೆ ದೊಡ್ಡದು.

ಇಂದು ನೋಟೋ ಸೆರಿಫ್ ಕನ್ನಡ, ಸಾಹಿತ್ಯ ಗ್ರಂಥಗಳಿಗೆಂದು ರೂಪಿಸಿದ ಟೀರೋ ಕನ್ನಡ ಫಾಂಟುಗಳು ಉಚಿತವಾಗಿ ಸಿಗುತ್ತವೆ. ಜಮಖಂಡಿ, ಬೀಳಗಿಯ ಲಗ್ನಪತ್ರಿಕೆಗೂ ರಬಕವಿ-ಬನಹಟ್ಟಿಯ ಸೀರೆ ಪೆಟ್ಟಿಗೆಗೂ ಇಂಥ ಅಕ್ಷರ ದೊಡ್ಡ ಅಳತೆಯಲ್ಲಿ ಒಪ್ಪುತ್ತದೆ. ಅತಿ ಬಳುಕಿನ ಅಲಂಕಾರಿಕ ಫಾಂಟನ್ನು ಮಾತ್ರ ಬಸ್ ವೇಳಾಪಟ್ಟಿಗೆ ಬಳಸಬಾರದು. ಸಣ್ಣ ಅಳತೆಯಲ್ಲಿ ಒತ್ತಕ್ಷರ ಕಲಸಿಹೋಗುತ್ತದೆ.