ನಿಮಗಿದು ಗೊತ್ತೇ? ಸರ್ವರ್‌ನ ಜಾಗ ತಿಂದದ್ದು ಯಾರು?

● ಯಾವ ಫೋಲ್ಡರ್ ಎಷ್ಟು ಜಾಗ ಹಿಡಿದಿದೆ ಎಂದು ಹೇಳುವ ‘ಡಿಯು’ ಕಮಾಂಡ್‌ಗೆ ಐವತ್ತು ವರ್ಷ ದಾಟಿದೆ. 1971ರ ಮೊದಲ ಯುನಿಕ್ಸ್‌ನಲ್ಲೇ ಅದಿತ್ತು. ಡಿಸ್ಕ್‌ನಲ್ಲಿ ಎಷ್ಟು ಖಾಲಿ ಉಳಿದಿದೆ ಎಂದು ತಿಳಿಸುವ ‘ಡಿಎಫ್’ ಕೂಡ ಅದರ ಓರಗೆಯದೇ.

● ಇವೆರಡರ ಲೆಕ್ಕ ಹಲವು ಸಲ ತಾಳೆಯಾಗುವುದಿಲ್ಲ! ಡಿಎಫ್ ನೇರವಾಗಿ ಫೈಲ್ ಸಿಸ್ಟಮ್ಮನ್ನೇ ಕೇಳಿ ಕ್ಷಣದಲ್ಲಿ ಉತ್ತರ ತರುತ್ತದೆ. ಡಿಯು ಫೋಲ್ಡರ್‌ಗಳೊಳಗೆ ಇಳಿದು ಒಂದೊಂದೇ ಫೈಲನ್ನು ಎಣಿಸುತ್ತದೆ. ಕೋಟಿ ಫೈಲ್‌ಗಳಿದ್ದರೆ ನೀವು ಚಹಾ ಕುಡಿದು ಬಂದರೂ ಎಣಿಕೆ ಮುಗಿದಿರುವುದಿಲ್ಲ. ತಾಳೆಯಾಗದಿದ್ದರೆ ಮೊದಲು ಸಂಶಯಪಡಬೇಕಾದದ್ದು ಅಳಿಸಿದ ಲಾಗ್ ಫೈಲನ್ನು. ಯಾವುದೋ ಪ್ರೋಗ್ರಾಮ್ ಅದನ್ನು ಇನ್ನೂ ತೆರೆದಿಟ್ಟುಕೊಂಡಿದ್ದರೆ ಹೆಸರು ಹೋಗಿರುತ್ತದೆ, ಜಾಗ ಮಾತ್ರ ವಾಪಸಾಗಿರುವುದಿಲ್ಲ. ಡಿಯುಗೆ ಅದು ಕಾಣದು, ಡಿಎಫ್ ಅದನ್ನು ಬಿಡದು. ಆ ಪ್ರೋಗ್ರಾಮ್ ಫೈಲನ್ನು ಮುಚ್ಚಿದ ಅಥವಾ ತಾನೇ ನಿಂತ ಮೇಲೆಯೇ ಜಾಗ ಬಿಡುಗಡೆ. ಇಂಥವನ್ನು ಹಿಡಿದುಕೊಡಲು ‘ಎಲ್‌ಎಸ್‌ಒಎಫ್’ ಕಮಾಂಡ್ ಇದೆ.

● ಒಂದೇ ಒಂದು ಅಕ್ಷರವಿರುವ ಫೈಲ್ ಕೂಡ ಸಾಮಾನ್ಯವಾಗಿ 4 ಕೆಬಿ ಹಿಡಿಯುತ್ತದೆ. ಅಂಥ 10 ಲಕ್ಷ ಫೈಲ್‌ಗಳಾದರೆ? ಸುಮಾರು 4 ಜಿಬಿ!

● ಇದಕ್ಕೆ ತಿರುಗುಮುರುಗು: 64 ಬಿಟ್‌ನ ಕೆಲವು ಹಳೆಯ ಲಿನಕ್ಸ್ ಸರ್ವರ್‌ಗಳಲ್ಲಿ ಬಳಕೆದಾರರ ಕೊನೆಯ ಲಾಗಿನ್ ದಾಖಲಿಸುವ ‘ಲಾಸ್ಟ್‌ಲಾಗ್’ ಫೈಲ್‌ನ ಗಾತ್ರ 1.2 ಟಿಬಿ ಎಂದು ಕಾಣಿಸುತ್ತಿತ್ತು. ನಿಜವಾಗಿ ಹಿಡಿದ ಜಾಗ ಕೆಲವು ಕೆಬಿ ಮಾತ್ರ. ನಡುವಿನದೆಲ್ಲ ಡಿಸ್ಕ್‌ನಲ್ಲಿ ಬರೆದೇ ಇರದ ಖಾಲಿ. ಎಚ್ಚರಿಕೆಯಿಲ್ಲದೆ ಬ್ಯಾಕಪ್‌ಗೆ ಹಾಕಿದವರ ಪಾಡು ಕೇಳಬೇಡಿ.

● ಡಿಸ್ಕ್‌ನಲ್ಲಿ ಅರ್ಧ ಜಾಗ ಇದ್ದರೂ ‘ಜಾಗವಿಲ್ಲ’ ಎಂಬ ಸಂದೇಶ ಬರಬಹುದು. ಪ್ರತಿ ಫೈಲ್‌ಗೂ ಅದರ ವಿವರ ಬರೆದಿಡುವ ಒಂದು ‘ಐನೋಡ್’ ಬೇಕು. ಲಿನಕ್ಸ್‌ನ ಇಎಕ್ಸ್‌ಟಿ4 ಫೈಲ್ ಸಿಸ್ಟಮ್ಮಿನಲ್ಲಿ ಸಾಮಾನ್ಯವಾಗಿ 16 ಕೆಬಿಗೆ ಒಂದರಂತೆ ಮೊದಲೇ ಎಣಿಸಿ ಇಟ್ಟಿರುತ್ತಾರೆ. 100 ಜಿಬಿಗೆ ಸುಮಾರು 65 ಲಕ್ಷ. ಚಿಲ್ಲರೆ ಫೈಲ್‌ಗಳು ಅವನ್ನೆಲ್ಲ ನುಂಗಿದರೆ, ಸೀಟು ಖಾಲಿಯಿದ್ದರೂ ಕಂಡಕ್ಟರ್ ಬಳಿ ಟಿಕೆಟ್ ಮುಗಿದ ಬಸ್ಸಿನಂತೆ.

● ಅದೇ ಇಎಕ್ಸ್‌ಟಿ4 ಶೇ. 5ರಷ್ಟು ಜಾಗವನ್ನು ಆಡಳಿತದ ಖಾತೆಯಾದ ‘ರೂಟ್’ಗೆಂದು ಸಾಮಾನ್ಯವಾಗಿ ಕಾದಿರಿಸುತ್ತದೆ. 10 ಟಿಬಿ ಡಿಸ್ಕ್‌ನಲ್ಲಿ ಅದು 500 ಜಿಬಿ. ಬರೀ ದತ್ತಾಂಶ ತುಂಬಿಡುವ ಡಿಸ್ಕ್‌ಗೆ ಇಷ್ಟು ದೊಡ್ಡ ಮೀಸಲಾತಿ ಅತಿಯಾಯಿತು, ಕಡಿಮೆ ಮಾಡಬಹುದು.

● ಒಂದೇ ಫೈಲ್‌ಗೆ ಎರಡು ಹೆಸರಿದ್ದರೂ (ಹಾರ್ಡ್ ಲಿಂಕ್) ಡಿಯು ಒಂದು ಸುತ್ತಿನಲ್ಲಿ ಅದನ್ನು ಒಂದೇ ಸಲ ಎಣಿಸುತ್ತದೆ. ಎರಡು ಫೋಲ್ಡರ್‌ಗಳನ್ನು ಬೇರೆ ಬೇರೆ ಅಳೆದು ಕೂಡಿದರೆ ಮೊತ್ತ ಉಬ್ಬುವುದು ಇದರಿಂದಲೇ.

● ಡಿಯು 512 ಬೈಟ್‌ನ ಲೆಕ್ಕದಲ್ಲಿ ಹೇಳಬೇಕು ಎನ್ನುತ್ತದೆ ಯುನಿಕ್ಸ್ ಮಾದರಿಯ ವ್ಯವಸ್ಥೆಗಳ ಪಾಸಿಕ್ಸ್ ನಿಯಮ. ಒಪ್ಪದ ಗ್ನೂ ತಂಡ ತನ್ನ ಡಿಯುನಲ್ಲಿ 1024 ಇಟ್ಟುಕೊಂಡಿತು. ನಿಯಮವೇ ಬೇಕು ಎನ್ನುವವರಿಗಾಗಿ ಗ್ನೂ ಸ್ಥಾಪಕ ರಿಚರ್ಡ್ ಸ್ಟಾಲ್‌ಮನ್ ಮೊದಲು ಇಟ್ಟ ಸೆಟ್ಟಿಂಗ್‌ನ ಹೆಸರು ‘ಪಾಸಿಕ್ಸ್ ಮಿ ಹಾರ್ಡರ್’! ಆಮೇಲೆ ಅದು ‘ಪಾಸಿಕ್ಸ್‌ಲಿ ಕರೆಕ್ಟ್’ ಎಂಬ ಮರ್ಯಾದಸ್ಥ ಹೆಸರು ಪಡೆಯಿತು.

● ಫೈಲ್‌ಗಳ ಒಂದು ಗುಂಪಿಗೆ, ಒಡೆಯ ಯಾರೇ ಇರಲಿ, ಜಾಗದ ಮಿತಿ ಹಾಕುವುದಕ್ಕೆ ‘ಪ್ರಾಜೆಕ್ಟ್ ಕೋಟಾ’ ಇದೆ. ಎಕ್ಸ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ಮಿನಲ್ಲಿ ಅದು ಮೊದಲೇ ಇತ್ತು. ಇಎಕ್ಸ್‌ಟಿ4ಗೆ ಬಂದದ್ದು 2016ರಲ್ಲಿ, ಲಿನಕ್ಸ್ 4.5ರೊಂದಿಗೆ. ಪ್ರತಿ ರಾತ್ರಿ ಡಿಯು ಓಡಿಸಿ ಡಿಸ್ಕನ್ನು ದಣಿಸುವುದಕ್ಕಿಂತ ಇದೇ ಮೇಲು, ಏಕೆಂದರೆ ಫೈಲ್ ಬರೆಯುವಾಗಲೇ ಲೆಕ್ಕ ಆಗಿಬಿಟ್ಟಿರುತ್ತದೆ.

● ಕೋಟಾದಲ್ಲಿ ಮಿತಿ ಎರಡು. ಮೆದು ಮಿತಿ ದಾಟಿದವರಿಗೆ ಸಾಮಾನ್ಯವಾಗಿ 7 ದಿನಗಳ ವಾಯಿದೆ. ಅಷ್ಟರಲ್ಲಿ ಫೈಲ್ ಅಳಿಸಿ ಕೆಳಗಿಳಿಯದಿದ್ದರೆ, ಗಟ್ಟಿ ಮಿತಿ ಇನ್ನೂ ದೂರವಿದ್ದರೂ ಹೊಸ ಜಾಗ ಸಿಗುವುದಿಲ್ಲ.